ಚೋಟು ಅಂದರೆ ಅಳತೆ

ನನ್ನ ಎತ್ತರ ನಾಲ್ಕಡಿ ಎಂಟಿಂಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಮೋಸಗಾತಿ ಅನ್ನಬಾರದು. ಒಂದು ಸಲ ಅನ್ನಿಸಿಕೊಂಡಿದ್ದೇನೆ, ಅಷ್ಟು ಸಾಕು. ಹದಿನಾಲ್ಕನೇ ವಯಸ್ಸಿಗೆ ಇಷ್ಟು ಬೆಳೆದೆ, ಅಲ್ಲಿಗೇ ನಿಂತೆ. ಅಮ್ಮನೂ ಇಷ್ಟೇ. ಅವಳ ರವಿಕೆ ನನಗಾಗುತ್ತಿತ್ತು, ನನ್ನ ಸಲ್ವಾರ್ ಅವಳಿಗೆ ಸರಿಹೋಗುತ್ತಿತ್ತು. ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಮೇಲಿನ ಹಲಗೆಯಿಂದ ಡಬ್ಬಿ ಇಳಿಸಬೇಕಾದರೆ ಇಬ್ಬರೂ ಒಟ್ಟಿಗೆ ಅಪ್ಪನನ್ನು ಕೂಗುತ್ತಿದ್ದೆವು. ಅಪ್ಪ ಮಾತ್ರ ನೀಳಕಾಯ, ಬಾಗಿಲು ದಾಟುವಾಗ ತಲೆ ತಗ್ಗಿಸುವ ಅಭ್ಯಾಸದವರು.

ಅಪ್ಪ ಎಪ್ಪತ್ತರ ದಶಕದಲ್ಲಿ ಗುಮಾಸ್ತರಾಗಿ ದೆಹಲಿಗೆ ಬಂದವರು. ಫೈಲುಗಳ ಇಂಗ್ಲಿಷು, ಬಸ್ಸಿನ ಹಿಂದಿ ಎರಡೂ ಅವರಿಗೆ ಹೊಟ್ಟೆಪಾಡು. ಕನ್ನಡ ಮಾತ್ರ ಸ್ವಂತದ್ದು. ಭಾನುವಾರ ಬೆಳಗ್ಗೆ ಬೇರೆಯವರ ಅಪ್ಪಂದಿರು ಟೀವಿ ಮುಂದೆ ಕೂತರೆ ನಮ್ಮಪ್ಪ ಬೆನ್ನು ಹರಿದ ದಪ್ಪ ನಿಘಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಅದನ್ನು ಓದುತ್ತಾ ಒಬ್ಬರೇ ನಗುತ್ತಿದ್ದರು. ಅಮ್ಮ ತಲೆ ಚಚ್ಚಿಕೊಂಡು, 'ನಿಮ್ಮಪ್ಪನಿಗೆ ಹುಚ್ಚು ಕಣೇ' ಅನ್ನುತ್ತಿದ್ದಳು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಎಲ್ಲರೂ ನನ್ನನ್ನು 'ಛುಟ್ಕಿ', ಅಂದರೆ ಹಿಂದಿಯಲ್ಲಿ ಚಿಕ್ಕವಳು, ಎಂದು ಕರೆಯಲು ಶುರುಮಾಡಿದರು. ಟೀಚರೂ ಹಾಗೇ ಕರೆದುಬಿಟ್ಟರು. ಮನೆಗೆ ಬಂದು ಮುಸುಮುಸು ಅಳುತ್ತಾ ಕೂತೆ. ಊಟಕ್ಕೆ ಕರೆದರೆ ಹೋಗಲಿಲ್ಲ. ಆಗ ಅಮ್ಮ ಬೇರೆ ಸೇರಿಕೊಂಡು, 'ಚೋಟುದ್ದ ಇದ್ದೀಯ, ಎಷ್ಟು ಕೋಪ ನೋಡು ನಿನಗೆ' ಅಂದಳು. ಅಳು ಜೋರಾಯಿತು.

ಅಪ್ಪ ನನ್ನನ್ನು ಎತ್ತಿ ಊಟದ ಮೇಜಿನ ಮೇಲೆ ಕೂರಿಸಿದರು. 'ಅಮ್ಮ ಬೈದಿದ್ದು ಅಂದ್ಕೊಂಡ್ಯಾ? ಚೋಟು ಅಂದ್ರೆ ಏನು ಗೊತ್ತಾ ನಿನಗೆ? ಕೈ ತೋರ್ಸು.' ನನ್ನ ಹೆಬ್ಬೆರಳು, ತೋರುಬೆರಳು ಎರಡನ್ನೂ ಅಗಲಿಸಿ ಮೇಜಿನ ಮೇಲೆ ಇಟ್ಟರು. 'ಈ ತುದಿಯಿಂದ ಆ ತುದಿಗೆ ಒಂದು ಚೋಟು. ಕಿರುಬೆರಳಿನ ತನಕ ಅಗಲಿಸಿದರೆ ಗೇಣು. ಎರಡು ಗೇಣಿಗೆ ಒಂದು ಮೊಳ. ನಾಲ್ಕು ಮೊಳಕ್ಕೆ ಒಂದು ಮಾರು. ಚೋಟು ಅಂದರೆ ಬೈಗುಳ ಅಲ್ಲ ಮಗಳೇ, ಅಳತೆ. ಅಳತೆ ಮಾಡೋದಕ್ಕೆ ಯಾರಾದರೂ ಗಿಡ್ಡ ಅಂತಾರಾ?'

ಆ ಸಂಜೆ ನಾವಿಬ್ಬರೂ ಮನೆಯನ್ನೆಲ್ಲ ಅಳೆದೆವು. ಮೇಜು ನನ್ನ ಬೆರಳಲ್ಲಿ ಒಂಬತ್ತು ಚೋಟು ಬಂದರೆ ಅಪ್ಪನ ಬೆರಳಲ್ಲಿ ಆರು ಬಂತು. ಯಾವುದು ಸರಿ ಎಂದು ಕೇಳಿದೆ. 'ಎರಡೂ ಸರಿ. ನಿನ್ನ ಚೋಟು ನಿನಗೆ, ನನ್ನ ಚೋಟು ನನಗೆ' ಅಂದರು. ನನಗೆ ಎಂಥ ಖುಷಿಯಾಯಿತು ಅಂದರೆ, ಮರುದಿನ ಶಾಲೆಗೆ ಹೋಗಿ ಬೆಂಚನ್ನೆಲ್ಲ ಅಳೆದು ಬಂದೆ.

ಅಲ್ಲಿಂದ ನಮ್ಮಿಬ್ಬರಿಗೂ ಅದೊಂದು ಆಟವಾಯಿತು. ಚಿಕ್ಕದನ್ನು ಹೇಳುವ ಪದಗಳನ್ನೆಲ್ಲ ಒಂದೊಂದಾಗಿ ಹಿಡಿದು ಕೂರಿಸಿ ವಿಚಾರಿಸುತ್ತಿದ್ದೆವು. 'ಪುಟ್ಟ' ಅಂದರೆ ಮುದ್ದು, ಇನ್ನೂ ಬೆಳೆಯುತ್ತದೆ ಎಂಬ ಭರವಸೆ ಅದರಲ್ಲೇ ಇದೆ. 'ಸಣ್ಣ' ಅಂದರೆ ತೆಳ್ಳಗೂ ಹೌದು, ಕಿರಿದೂ ಹೌದು; 'ಸಣ್ಣ ಮನುಷ್ಯ' ಅಂದರೆ ಮಾತ್ರ ಬೇರೆಯೇ. 'ಮೋಟು' ಅನ್ನುವುದರಲ್ಲಿ ಏನನ್ನೋ ಕತ್ತರಿಸಿ ಹಾಕಿದ ಸದ್ದಿದೆ: ಮೋಟುಜಡೆ, ಮೋಟುಗೋಡೆ. 'ಕುಬ್ಜ'ಕ್ಕೆ ಸಂಸ್ಕೃತದ ಗತ್ತು, 'ಗುಜ್ಜಾರಿ'ಗೆ ಬೀದಿಯ ನಗು. 'ಕುಳ್ಳಿ' ಅನ್ನುವುದೇ ನನಗೆ ಆಗುತ್ತಿರಲಿಲ್ಲ. ಅದರಲ್ಲಿ ಮುಂದೆ ಬೆಳೆಯುವ ಮಾತೇ ಇಲ್ಲ. ಎಲ್ಲದರಲ್ಲೂ ಚೋಟು ಒಂದೇ ನನಗೆ ಇಷ್ಟ, ಯಾಕೆಂದರೆ ಅದರ ಮೂಲ ನನ್ನ ಕೈಯಲ್ಲೇ ಇತ್ತು.

ಒಂದು ದಿನ ಕೇಳಿದೆ, ಹಿಂದಿಯವರ ಛೋಟಾ ನಮ್ಮ ಚೋಟುವಿನಿಂದಲೇ ಹೋಗಿದ್ದಾ ಅಂತ. ಹೌದು ಎಂದುಬಿಟ್ಟಿದ್ದರೆ ನಾನು ಇಡೀ ದೆಹಲಿಗೆ ಸಾರಿಕೊಂಡು ಬರುತ್ತಿದ್ದೆ. ಅಪ್ಪ ಕನ್ನಡಕ ತೆಗೆದು ಒರೆಸಿದರು. 'ನೋಡೋಕೆ ಅಕ್ಕತಂಗೀರ ಥರ ಕಾಣ್ತವೆ. ಸಂಬಂಧ ಇದೆಯೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಹುಟ್ಟು ಹೇಳಬಾರದು ಕಣಮ್ಮ. ಪದಕ್ಕಾದರೂ ಅಷ್ಟೇ, ಮನುಷ್ಯರಿಗಾದರೂ ಅಷ್ಟೇ.' ನಾನು ಅದನ್ನು ನಂಬಿದೆ. ಅಪ್ಪ ಇಲ್ಲದ್ದನ್ನು ಹೇಳುವವರಲ್ಲ ಎಂದು ನನ್ನ ಮಟ್ಟಿಗೆ ಅವತ್ತೇ ತೀರ್ಮಾನ ಆಗಿಹೋಗಿತ್ತು.

ಎರಡು ಸಾವಿರದ ಐದು-ಆರರ ಹೊತ್ತಿಗೆ ನನಗೆ ಇಪ್ಪತ್ತಾರು. ನೋಯ್ಡಾದ ಒಂದು ಕಂಪನಿಯಲ್ಲಿ ಕೆಲಸ. ಕಂಪನಿಯ ಕ್ಯಾಬಿನಲ್ಲಿ ಹೋಗುವುದು, ಬರುವುದು. ಅಲ್ಲಿ ಯಾರಾದರೂ ನನ್ನ ಎತ್ತರದ ಬಗ್ಗೆ ತಮಾಷೆ ಮಾಡಿದರೆ ಕೈ ಅಗಲಿಸಿ ಅವರ ಮೂಗನ್ನು ಅಳೆದು ಇಷ್ಟು ಅಂತ ಹೇಳುತ್ತಿದ್ದೆ. ಅಷ್ಟು ಜಂಬ ನನಗೆ. ಮನೆಯಲ್ಲಿ ಗಂಡು ಹುಡುಕುವುದು ಶುರುವಾಗಿತ್ತು. ದೆಹಲಿಯ ಕನ್ನಡದವರಲ್ಲಿ ಒಬ್ಬರಿಗೆ ಗೊತ್ತಾದರೆ ಎಲ್ಲರಿಗೂ ಗೊತ್ತಾದ ಹಾಗೆ. ಅಪ್ಪ ನನ್ನ ಜಾತಕದ ಜೊತೆಗೆ ಒಂದು ಬಯೋಡೇಟಾ ಮಾಡಿ ಆಫೀಸಿನ ಹಳೆಯ ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟಿದ್ದರು. ಅವರೇ ನಮಗೆ ಮಧ್ಯಸ್ಥರು. ಆ ಹಾಳೆಯಲ್ಲಿ ಏನಿದೆ ಎಂದು ನಾನು ಕೇಳಿರಲಿಲ್ಲ. ಅಪ್ಪ ಬರೆದದ್ದನ್ನು ನಾನು ತಿದ್ದುವುದುಂಟೇ?

ಜನವರಿಯಲ್ಲಿ ರೋಹಿಣಿ ಬಡಾವಣೆಯ ಒಂದು ಮನೆಯವರು ನೋಡಲು ಬರುತ್ತೇವೆ ಅಂದರು. ಹುಡುಗ, ಅವನ ತಾಯಿ, ಅವನ ತಂಗಿ. ಹಿಂದಿನ ದಿನ ಅಪ್ಪ ಸರೋಜಿನಿ ನಗರದಿಂದ ಒಂದು ಜೊತೆ ಮನೆಚಪ್ಪಲಿ ತಂದರು. ಮೇಲೆ ಉಣ್ಣೆಯ ಹೂವು, ಕೆಳಗೆ ಇಟ್ಟಿಗೆಯಂಥ ದಪ್ಪ ಅಟ್ಟೆ. 'ನೆಲ ಮಂಜುಗಡ್ಡೆ ಆಗಿದೆ. ನಾಳೆ ಸೀರೆ ಉಟ್ಟು ಬರಿಗಾಲಲ್ಲಿ ಓಡಾಡಬೇಡ, ಥಂಡಿ ಆಗುತ್ತೆ' ಅಂದರು.

'ಮಗಳಿಗೊಂದೇ ತಂದ್ರಾ? ನನಗೆ ಥಂಡಿ ಆಗಲ್ವೇನೋ' ಎಂದು ಅಮ್ಮ ಕಾಲೆಳೆದಳು.

ದೆಹಲಿಯ ಚಳಿಯಲ್ಲಿ ಮನೆಯೊಳಗೂ ಚಪ್ಪಲಿ ಹಾಕುವುದು ಎಲ್ಲರಿಗೂ ಅಭ್ಯಾಸ, ನಮಗೂ ಅಭ್ಯಾಸ. ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ನನ್ನ ಕಾಲಿನ ಬಗ್ಗೆ ಅಪ್ಪನಿಗೆ ಎಷ್ಟು ಕಾಳಜಿ ಎಂದು ನಾನು ಕರಗಿಹೋದೆ. ಮರುದಿನ ಆ ಚಪ್ಪಲಿ ಮೆಟ್ಟಿಕೊಂಡೇ ಸೀರೆ ಉಟ್ಟೆ. ನೆರಿಗೆ ಅದರ ಎತ್ತರಕ್ಕೆ ಸರಿಯಾಗಿ ನೆಲ ಮುಟ್ಟುವ ಹಾಗೆ ಕೂತಿತು.

ಹುಡುಗ ನನಗೆ ಇಷ್ಟವಾದ. ಇದನ್ನು ಹೇಳದೆ ಮುಂದಕ್ಕೆ ಹೋದರೆ ಕಥೆ ಸುಳ್ಳಾಗುತ್ತದೆ. ಕೇಸರಿಬಾತಿನ ತಟ್ಟೆ ಹಿಡಿದುಕೊಂಡು, 'ನೀವು ಕ್ಯಾಬಲ್ಲಿ ನಿದ್ದೆ ಮಾಡ್ತೀರಾ? ನಾನಂತೂ ಬಾಯಿ ಬಿಟ್ಕೊಂಡು ಮಲಗ್ತೀನಿ' ಅಂದ. ಹೆಣ್ಣು ನೋಡಲು ಬಂದವನು ಹಾಗೆ ಮಾತಾಡುವುದನ್ನು ನಾನು ಕೇಳಿರಲಿಲ್ಲ. ನಕ್ಕುಬಿಟ್ಟೆ. ಅವನ ತಾಯಿಯೂ ನಕ್ಕರು. ಮುಕ್ಕಾಲು ಗಂಟೆ ದಿವಾನಿನ ಮೇಲೆ ಕೂತೇ ಇದ್ದೆ. ನಾನು ಎದ್ದು ಕಾಫಿ ತರಲು ಹೋದಾಗೆಲ್ಲ ಅಪ್ಪ, 'ನೀನು ಕೂತ್ಕೋಮ್ಮ, ಮಾತಾಡು' ಎಂದು ತಾವೇ ಒಳಗೆ ಹೋಗಿ ತರುತ್ತಿದ್ದರು. ಎಷ್ಟು ಬದಲಾಗಿದ್ದಾರೆ ನಮ್ಮಪ್ಪ ಎಂದು ಹೆಮ್ಮೆಪಟ್ಟೆ. ನನ್ನ ದಡ್ಡತನಕ್ಕೆ ಏನು ಹೇಳಲಿ!

ಹೊರಡುವ ಹೊತ್ತಾಯಿತು. ಅಮ್ಮ ಅರಿಶಿನ ಕುಂಕುಮದ ತಟ್ಟೆ ತಂದಳು. 'ದೊಡ್ಡವರಿಗೆ ನಮಸ್ಕಾರ ಮಾಡಮ್ಮ' ಅಂದಳು. ಅಪ್ಪ ತಟ್ಟನೆ, 'ಇರ್ಲಿ ಬಿಡಿ, ಈಗಿನ ಕಾಲದಲ್ಲಿ ಅದೆಲ್ಲ ಯಾಕೆ' ಎಂದು ಅಡ್ಡ ಬಂದರು. ಅಷ್ಟರಲ್ಲಿ ನಾನು ಚಪ್ಪಲಿ ಬಿಟ್ಟಾಗಿತ್ತು. ಬಿಡದೆ ಇರುವುದು ಹೇಗೆ? ಚಪ್ಪಲಿ ಮೆಟ್ಟಿಕೊಂಡು ಹಿರಿಯರ ಕಾಲು ಮುಟ್ಟುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ದೆಹಲಿ ಚಳಿಯ ಲೆಕ್ಕ ಹಾಕಿದ ಅಪ್ಪ ಇದೊಂದನ್ನು ಮರೆತಿದ್ದರು. ಬಗ್ಗಿ ನಮಸ್ಕಾರ ಮಾಡಿ ಎದ್ದು ನಿಂತೆ. ಸೀರೆಯ ನೆರಿಗೆ ನೆಲದ ಮೇಲೆ ಗುಪ್ಪೆಯಾಗಿ ಬಿತ್ತು. ಎದುರಿಗೆ ಹುಡುಗನ ತಂಗಿ ನಿಂತಿದ್ದಳು. ನನ್ನ ಹಣೆ ಅವಳ ಭುಜದ ಹತ್ತಿರ ಬಂತು.

ಹುಡುಗನ ತಾಯಿ ನನ್ನನ್ನು ನೋಡಿದರು, ಪಕ್ಕದಲ್ಲಿದ್ದ ಚಪ್ಪಲಿ ನೋಡಿದರು, ಕುಂಕುಮದ ತಟ್ಟೆ ಹಿಡಿದು ನಿಂತ ಅಮ್ಮನನ್ನು ತಲೆಯಿಂದ ಕಾಲಿನ ತನಕ ನೋಡಿದರು.

'ಐದಡಿ ಅಂತ ಬರೆದಿದ್ರಲ್ಲ ನೀವು?' ಎಂದು ಅಪ್ಪನನ್ನು ಕೇಳಿದರು.

'ಅದು... ಅಂದಾಜು ಬರೆದಿದ್ದು' ಅಂದರು ಅಪ್ಪ.

ನನಗೆ ಏನೂ ಅರ್ಥವಾಗಲಿಲ್ಲ. ಯಾವ ಐದಡಿ? ಯಾರು ಬರೆದದ್ದು? ಅಪ್ಪನ ಮುಖ ನೋಡಿದೆ, ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಆಗ ಹೊಳೆಯಿತು. ಹುಡುಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ, ನನಗೊಬ್ಬಳಿಗೇ ಕೇಳಿಸುವ ಹಾಗೆ, 'ನೀವೇ ಹೇಳಬಹುದಿತ್ತಲ್ಲ. ನನಗೇನೂ ಅನ್ನಿಸ್ತಿರಲಿಲ್ಲ. ಈ ಮೋಸ ಯಾಕೆ ಬೇಕಿತ್ತು?' ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲು ಇಳಿದು ಹೋಗಿದ್ದ.

ಅವರ ಆಟೋ ತಿರುವು ದಾಟುವ ತನಕ ಕಾದೆ. ಆಮೇಲೆ ಆ ಚಪ್ಪಲಿಯನ್ನು ತೆಗೆದು ಅಪ್ಪನ ಕಾಲ ಬುಡಕ್ಕೆ ಎಸೆದೆ. ಅಪ್ಪನ ಮುಂದೆ ಅಂಥ ಕೆಲಸ ನಾನು ಎಂದೂ ಮಾಡಿದವಳಲ್ಲ. 'ಥಂಡಿ ಅಂದ್ರಿ! ನನ್ನ ಕಾಲಿಗೆ ಥಂಡಿ ಆಗುತ್ತೆ ಅಂದ್ರಿ!' ಎಂದು ಕಿರುಚಿದೆ. ಪಕ್ಕದ ಮನೆಯ ಪಂಜಾಬಿ ಆಂಟಿ ಬಾಗಿಲು ತೆಗೆದು ಮತ್ತೆ ಹಾಕಿಕೊಂಡರು. ಅಮ್ಮ ಬಿಟ್ಟ ಕಣ್ಣು ಬಿಟ್ಟ ಹಾಗೆ ನಿಂತಿದ್ದಳು. ಅವಳಿಗೂ ಗೊತ್ತಿರಲಿಲ್ಲ.

'ಮೊದಲು ನಿನ್ನನ್ನ ನೋಡ್ಲಿ, ಮಾತಾಡಿಸ್ಲಿ, ಆಮೇಲೆ ನಿಧಾನಕ್ಕೆ ಹೇಳೋಣ ಅಂತಿದ್ದೆ' ಅಂದರು ಅಪ್ಪ. 'ನಾಲ್ಕೆಂಟು ಅಂತ ಬರೆದ್ರೆ ಯಾರೂ ಫೋನೇ ಮಾಡಲ್ಲ ಕಣಮ್ಮ.'

'ಅಳತೆಗೆ ಯಾರೂ ಗಿಡ್ಡ ಅನ್ನಲ್ಲ ಅಂದಿದ್ರಿ.'

'ಅದು ನೀನು ಮಗುವಾಗಿದ್ದಾಗ ಹೇಳಿದ್ದು' ಅಂದರು.

ಚಪ್ಪಲಿಯ ಮೋಸಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಹದಿನೆಂಟು ವರ್ಷ ನಾನು ಎದೆಯಲ್ಲಿ ಇಟ್ಟುಕೊಂಡು ಓಡಾಡಿದ್ದು ಅಳುವ ಮಗುವಿನ ಕೈಗೆ ಕೊಟ್ಟ ಗಿಲಕಿಯಾಗಿತ್ತೇ? ಮರುದಿನ ಅಪ್ಪ ಮನೆಯಲ್ಲಿ ಇಲ್ಲದಾಗ ಅದೇ ನಿಘಂಟು ತೆಗೆದು ನೋಡಿದೆ. ಚೋಟು ಅಲ್ಲೇ ಇತ್ತು, ಅಳತೆ ಎಂದೇ ಇತ್ತು. ಪದದ ವಿಷಯದಲ್ಲಿ ಅಪ್ಪ ನಿಜವನ್ನೇ ಹೇಳಿದ್ದರು. ಅವರು ಸುಳ್ಳು ಹೇಳಿದ್ದು ನನ್ನ ವಿಷಯದಲ್ಲಿ ಮಾತ್ರ.

ವಾರದ ನಂತರ ಮಧ್ಯಸ್ಥರು ಫೋನು ಮಾಡಿ ರೋಹಿಣಿಯವರು ಬೇಡ ಅಂದರು ಎಂದು ತಿಳಿಸಿದರು. 'ಹುಡುಗಿ ಕುಳ್ಳು, ಅದಾದರೂ ಇರಲಿ ಅನ್ನಬಹುದು. ತಾಯಿಯೂ ಅಷ್ಟೇ ಇದ್ದಾರೆ, ನಾಳೆ ಮೊಮ್ಮಕ್ಕಳ ಗತಿ ಏನು ಅಂದರಂತೆ' ಎಂಬ ಮಾತನ್ನೂ ಸೇರಿಸಿದರು. ಅಪ್ಪ ಅದನ್ನು ನಮಗೆ ಹೇಳುವಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಇದ್ದಳು. ನಾನು ಅಪ್ಪನಿಂದ ಮಾತು ತೆಗೆದುಕೊಂಡೆ: ಇನ್ನು ಮುಂದೆ ಇದ್ದದ್ದು ಇದ್ದ ಹಾಗೆ. ಅಪ್ಪ ನನ್ನ ಎದುರಿಗೇ ಬಯೋಡೇಟಾ ತಿದ್ದಿದರು. ನಾಲ್ಕಡಿ ಎಂಟಿಂಚು ಎಂದು ದಪ್ಪಕ್ಷರದಲ್ಲಿ ಬರೆದು, 'ಸರಿನಾ?' ಎಂದು ತೋರಿಸಿದರು. ಸರಿ ಎಂದೆ. ಒಂದು ವಾರ ಮಾತು ಬಿಟ್ಟಿದ್ದವಳು ಅವತ್ತು ಅವರ ಪಕ್ಕ ಕೂತು ಊಟ ಮಾಡಿದೆ. ನಮ್ಮಪ್ಪ ನನಗೆ ವಾಪಸು ಸಿಕ್ಕರು ಅಂದುಕೊಂಡೆ.

ಏಪ್ರಿಲ್‌ನಲ್ಲಿ ನೋಯ್ಡಾದ ಒಂದು ಮನೆಯವರಿಂದ ಫೋನು ಬಂತು. ಎತ್ತರ ಓದಿಯೇ ಫೋನು ಮಾಡಿದ್ದಾರೆ, ಇಪ್ಪತ್ತನಾಲ್ಕಕ್ಕೆ ಬರುತ್ತಾರಂತೆ ಎಂದು ಅಪ್ಪ ಹಿಗ್ಗಿದರು. ನಾನೂ ಹಿಗ್ಗಿದೆ. ಅಲ್ಲ, ಎಷ್ಟು ಸಲೀಸಾಗಿತ್ತು ನೋಡಿ, ನಿಜ ಹೇಳಿದ ಕೂಡಲೇ ಕೆಲಸ ಆಯಿತಲ್ಲ ಎಂದು ಅಮ್ಮನ ಹತ್ತಿರ ಬೀಗಿದೆ.

ಅದಕ್ಕೆ ಒಂದು ವಾರ ಮುಂಚೆ, ಶನಿವಾರ. ನಾನು ಒಳಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ, ಅಮ್ಮ ಅಡುಗೆಮನೆಯಲ್ಲಿದ್ದಳು. ಹಾಲಿನಲ್ಲಿ ಅಪ್ಪ ಫೋನಿನಲ್ಲಿದ್ದರು. ಆ ನೋಯ್ಡಾದವರೇ ಎಂದು ಧ್ವನಿಯ ಮರ್ಯಾದೆಯಲ್ಲೇ ಗೊತ್ತಾಗುತ್ತಿತ್ತು.

'ಹುಟ್ಟುವಾಗ ಸರಿಯಾಗೇ ಇದ್ದಳು ಸಾರ್. ಆರನೇ ವಯಸ್ಸಲ್ಲಿ ಟೈಫಾಯ್ಡ್ ಬಂತು ನೋಡಿ, ತುಂಬ ಜೋರು. ಎರಡು ತಿಂಗಳು ಹಾಸಿಗೆ ಹಿಡಿದಳು. ಅಲ್ಲಿಂದ ಬೆಳವಣಿಗೆ ಸ್ವಲ್ಪ ಕುಂಠಿತ ಆಯ್ತು. ಹ್ಞೂ, ಡಾಕ್ಟರೂ ಅದನ್ನೇ ಹೇಳಿದ್ದು.'

ನನಗೆ ಟೈಫಾಯ್ಡ್ ಬಂದೇ ಇಲ್ಲ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹಾಲಿಗೆ ಬಂದೆ. ಅಪ್ಪ ನನ್ನನ್ನು ನೋಡಿ ಬೆನ್ನು ತಿರುಗಿಸಿದರು. ಗೊತ್ತಿಲ್ಲದೆ ಹುಟ್ಟು ಹೇಳಬಾರದು ಅಂದವರು ನನಗೊಂದು ಹೊಸ ಹುಟ್ಟು ಕಟ್ಟಿ ಹೇಳುತ್ತಿದ್ದರು. ನಾನು ಇರುವುದೇ ಹೀಗೆ ಎಂದು ಹೇಳಲು ಅವರಿಗೆ ನಾಲಿಗೆ ಹೊರಳಲಿಲ್ಲ. ರೋಗ ಬಂದು ಹೀಗಾದಳು ಎಂದರೆ ಮರ್ಯಾದೆ.

ಅಮ್ಮನೂ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಆ ಕಡೆಯಿಂದ ಏನೋ ಕೇಳಿದರು. ಅಪ್ಪ ಗಂಟಲು ಸರಿಮಾಡಿಕೊಂಡರು.

'ಇಲ್ಲ ಇಲ್ಲ ಸಾರ್, ವಂಶದಲ್ಲಿ ಯಾರೂ ಹಾಗಿಲ್ಲ. ನಾನೇ ಐದು ಹತ್ತು. ಇವಳ ತಾಯಿನೂ ಒಳ್ಳೆ ಎತ್ತರವೇ.'

ಅಮ್ಮನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಮೂವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದವಳು, ಅವರಿಗೆ ಬಡಿಸಿದವಳು, ಡಬ್ಬಿ ಇಳಿಸಿಕೊಡಿ ಎಂದು ಅವರನ್ನೇ ಕೂಗಿದವಳು. ಅಪ್ಪ ಫೋನಿಟ್ಟು ತಿರುಗಿದಾಗ ಅವಳು ಕೂಗಾಡಲಿಲ್ಲ.

'ಏನ್ರೀ, ಹಾಗಾದ್ರೆ ಅವರು ಬಂದ ದಿನ ನಾನು ಎಲ್ಲಿರಲಿ?' ಎಂದು ಕೇಳಿದಳು.

ಆ ಕ್ಷಣ ಅಪ್ಪ ನಾಚಿಕೆಪಟ್ಟಿದ್ದರೆ, ತಪ್ಪಾಯಿತು ಅಂದಿದ್ದರೆ, ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಅವರು ಅಂಗಿಯ ಜೇಬಿಗೆ ಕೈಹಾಕಿ ಮಡಿಸಿದ ರೈಲ್ವೆ ಟಿಕೆಟ್ ತೆಗೆದರು. 'ನಿಮ್ಮಣ್ಣನ ಮನೆಗೆ ಹೋಗಿ ಬಾ ಒಂದು ವಾರ. ಹೋಗಬೇಕು ಅಂತಿದ್ದೆಯಲ್ಲ. ಇಪ್ಪತ್ತೆರಡಕ್ಕೆ ಬೆಂಗಳೂರಿಗೆ ಮಾಡಿಸಿದ್ದೀನಿ' ಅಂದರು. ಮೊದಲೇ ಮಾಡಿಸಿದ್ದರು. ಅವತ್ತಿನ ಫೋನಿಗೂ ಮುಂಚೆಯೇ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಅಮ್ಮ ಟಿಕೆಟ್ ಬಿಡಿಸಿ ತನ್ನ ಹೆಸರು ಓದಿದಳು. ಮತ್ತೆ ಮಡಿಸಿ, ಕುಂಕುಮದ ಡಬ್ಬಿಯ ಕೆಳಗೆ ಇಟ್ಟಳು.

ಅಪ್ಪ ನನ್ನ ಮೇಲಿನ ಪ್ರೀತಿಯಿಂದಲೇ ಹಾಗೆಲ್ಲ ಮಾಡಿದರು ಎಂದು ಇವತ್ತಿಗೂ ನೆಂಟರು ನನಗೆ ಬುದ್ಧಿ ಹೇಳುತ್ತಾರೆ. ಇರಬಹುದು. ಅಂಥ ಪ್ರೀತಿಯಲ್ಲಿ ನಾನೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಯಾರೋ ಐದಡಿಯ ಮಗಳಿದ್ದಳು, ಯಾರೋ ಎತ್ತರದ ಹೆಂಡತಿಯಿದ್ದಳು.

ಸೋಮವಾರ ಆಫೀಸಿನ ಕಂಪ್ಯೂಟರಿನಲ್ಲಿ ಅದೇ ರೈಲಿಗೆ ಇನ್ನೊಂದು ಟಿಕೆಟ್ ಮಾಡಿಸಿದೆ. ಅಪ್ಪನಿಗೆ ಹೇಳಲಿಲ್ಲ. ಇಪ್ಪತ್ತೆರಡರಂದು ಅಮ್ಮನನ್ನು ರೈಲು ಹತ್ತಿಸಿ ಬರುತ್ತೇನೆ ಎಂದು ಹೊರಟೆ. ಬೋಗಿಯ ಮೆಟ್ಟಿಲು ನಮ್ಮಿಬ್ಬರಿಗೂ ಎತ್ತರ; ಮೊದಲು ನಾನು ಹತ್ತಿ ಅಮ್ಮನನ್ನು ಎಳೆದುಕೊಂಡೆ. 'ನೀನು ಇಳಿಯೇ, ಬಿಡೋ ಹೊತ್ತಾಯ್ತು' ಅಂದಳು ಅಮ್ಮ. ನನ್ನ ಟಿಕೆಟ್ ತೋರಿಸಿದೆ. ಅವಳು ಕಿಟಕಿಯ ಕಡೆ ಸರಿದು ಜಾಗ ಕೊಟ್ಟಳು.

ಇಪ್ಪತ್ತನಾಲ್ಕರಂದು ನೋಯ್ಡಾದವರು ಬಂದಾಗ ಮನೆಯಲ್ಲಿ ಅಪ್ಪ ಒಬ್ಬರೇ ಇದ್ದರು.